ಟ್ರೈಲರ್ ಕಟ್ಟಿಕೊಂಡು ರಿವರ್ಸ್ ಬರೋದು: ಏಳು ದಿನ ಕೊಡಿ, ಕೈಗೆ ಬರುತ್ತೆ

ಹೊಸ ಟ್ರ್ಯಾಕ್ಟರ್ ಮನೆಗೆ ಬಂದ ದಿನ ಪೂಜೆ ಆಗುತ್ತೆ, ಹಾರ ಬೀಳುತ್ತೆ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಗಾಡಿ ಮುಂದಕ್ಕೆ ಬಿಡ್ತಾರೆ. ಮುಂದಕ್ಕೆ ಬಿಡೋದು ಎರಡು ದಿನದಲ್ಲಿ ಯಾರಿಗಾದರೂ ಬರುತ್ತೆ. ಅದೇ ಗಾಡಿಗೆ ಟ್ರೈಲರ್ ಸಿಕ್ಕಿಸಿ, ಕೊಟ್ಟಿಗೆ ಗೋಡೆಗೂ ಹುಣಸೆ ಮರಕ್ಕೂ ನಡುವೆ ಇರುವ ಹತ್ತಡಿ ಜಾಗದಲ್ಲಿ ಹಿಂದಕ್ಕೆ ತರಬೇಕು ಅಂದಾಗ ನಿಜವಾದ ಪರೀಕ್ಷೆ ಶುರು. ಟ್ರೈಲರ್ ಒಂದು ಕಡೆ, ಟ್ರ್ಯಾಕ್ಟರ್ ಇನ್ನೊಂದು ಕಡೆ. ಸುತ್ತ ನಾಲ್ಕು ಜನ ನಿಂತು ನಾಲ್ಕು ಥರ ಕೂಗ್ತಿರ್ತಾರೆ. ಸೀಟಿನ ಮೇಲಿರೋ ಹುಡುಗನ ಕಿವಿ ಕೆಂಪಾಗಿರುತ್ತೆ.

ನಾಚಿಕೆಯಾದ ಹುಡುಗ ಅವಸರ ಮಾಡ್ತಾನೆ, ಅವಸರ ಮಾಡಿದವನು ಹಿಂದೆ ಯಾರಿದ್ದಾರೆ ಅಂತ ನೋಡಲ್ಲ. ಹಳ್ಳಿ ಮನೆಯ ಅಂಗಳದಲ್ಲಿ ಟ್ರೈಲರ್ ಹಿಂದೆ ಯಾರು ಇರ್ತಾರೆ ಅಂತ ನಿಮಗೆ ಗೊತ್ತು. ಆಡೋ ಮಕ್ಕಳು, ಕಿವಿ ಮಂದವಾಗಿರೋ ಅಜ್ಜ, ಸುಗ್ಗಿ ಕಾಲದಲ್ಲಿ ಕಣದಲ್ಲೇ ಟಾರ್ಪಾಲ್ ಹೊದ್ದು ಮಲಗಿರುವ ಆಳು. ಅದಕ್ಕೇ ಈ ವಾರ ಬೆಳೆ, ಗೊಬ್ಬರ ಎಲ್ಲ ಬದಿಗಿಟ್ಟು ರಿವರ್ಸ್ ಬಗ್ಗೆ ಬರೀತಿದ್ದೀನಿ. ಕಲಿಯುವವರಿಗೂ ಇದೆ, ಕಲಿಸುವ ಅಪ್ಪ, ಅಣ್ಣ, ಮಾವಂದಿರಿಗೂ ಇದೆ.

ಲಾರಿಯವರಿಗೆ ಇರುವ ಒಂದು ಅನುಕೂಲ

ಹಳೆಯ ಲಾರಿ ಡ್ರೈವರುಗಳನ್ನ ಕೇಳಿ ನೋಡಿ. ಬಹಳ ಜನ ಮೊದಲು ಕ್ಲೀನರ್ ಆಗಿದ್ದವರು. ವರ್ಷಗಟ್ಟಲೆ ಹಿಂದೆ ನಿಂತು, ಬಾಡಿ ತಟ್ಟಿ, 'ಬರ್ಲಿ ಬರ್ಲಿ' ಅಂತ ಕೂಗಿ, ಗಾಡಿಯ ಬಾಲ ಯಾವಾಗ ಎಲ್ಲಿಗೆ ಹೋಗುತ್ತೆ ಅನ್ನೋದನ್ನ ಕಣ್ಣಲ್ಲೇ ಕಲಿತಿರ್ತಾರೆ. ಸ್ಟೇರಿಂಗ್ ಕೈಗೆ ಸಿಗೋ ಹೊತ್ತಿಗೆ ಅರ್ಧ ರಿವರ್ಸ್ ಅವರ ತಲೆಯಲ್ಲಿರುತ್ತೆ.

ನಮ್ಮ ಹೊಲದಲ್ಲಿ ಆ ಕ್ಲೀನರ್ ಕಾಲವೇ ಇಲ್ಲ. ಸಾಲ ಮಂಜೂರಾಗುತ್ತೆ, ಗಾಡಿ ಬರುತ್ತೆ, ಕೀಲಿಕೈ ಹುಡುಗನ ಕೈಗೆ ಹೋಗುತ್ತೆ. ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತಂದರೂ ಕಥೆ ಇದೇ. ಎಳೆ ಹೋರಿ ಪಳಗಿಸುವಾಗ ಹಿರಿಯರು ಹೀಗೆ ಮಾಡ್ತಿರಲಿಲ್ಲ. ಪಳಗಿದ ಎತ್ತಿನ ಜೊತೆ ನೊಗಕ್ಕೆ ಹೂಡಿ, ಮೊದಲು ಬರೀ ಮರದ ಕೊರಡು ಎಳೆಸಿ, ಆಮೇಲೆ ಖಾಲಿ ಗಾಡಿ, ಕೊನೆಗೆ ಹೇರು. ಹೋರಿಗೆ ಕೊಟ್ಟ ಸಮಯವನ್ನ ಮಗನಿಗೂ ಕೊಡಿ ಅನ್ನೋದಷ್ಟೇ ನನ್ನ ಮಾತು. ಆ ಸಮಯ ಹೇಗೆ ಬಳಸೋದು ಅಂತ ಮುಂದೆ ಹೇಳ್ತೀನಿ.

ಟ್ರೈಲರ್ ಯಾಕೆ ಉಲ್ಟಾ ಹೋಗುತ್ತೆ?

ಕಾರು, ಪಿಕಪ್ ಓಡಿಸಿ ಬಂದವರಿಗೆ ಮೊದಲು ಗೊಂದಲ ಆಗೋದು ಇಲ್ಲಿ. ಎಡ, ಬಲ ಅಂದರೆ ಸೀಟಿನಲ್ಲಿ ಮುಂದಕ್ಕೆ ಮುಖ ಮಾಡಿ ಕೂತವರ ಎಡ, ಬಲ ಅಂತ ಇಟ್ಟುಕೊಳ್ಳಿ.

ಸ್ಟೇರಿಂಗ್ ಎಡಕ್ಕೆ ತಿರುಗಿಸಿ ರಿವರ್ಸ್ ಬಂದರೆ ಟ್ರ್ಯಾಕ್ಟರ್‌ನ ಹಿಂಭಾಗ ಎಡಕ್ಕೆ ಸರಿಯುತ್ತೆ. ಟ್ರೈಲರ್ ಸಿಕ್ಕಿಸಿರುವ ಹುಕ್ ಇರೋದು ಅದೇ ಹಿಂಭಾಗದಲ್ಲಿ. ಹುಕ್ ಎಡಕ್ಕೆ ಹೋದಾಗ ಟ್ರೈಲರ್‌ನ ಮೂತಿಯನ್ನ ಎಡಕ್ಕೆ ತಳ್ಳುತ್ತೆ. ಟ್ರೈಲರ್ ತನ್ನ ಚಕ್ರದ ಮೇಲೆ ತಿರುಗಿ, ಅದರ ಬಾಲ ಬಲಕ್ಕೆ ಹೋಗುತ್ತೆ. ತಕ್ಕಡಿ ಥರ: ಒಂದು ತುದಿ ಈ ಕಡೆ ಹೋದರೆ ಇನ್ನೊಂದು ತುದಿ ಆ ಕಡೆ.

ಇದನ್ನ ಬಾಯಿಪಾಠ ಮಾಡಬೇಡಿ, ಎರಡು ಉಪಾಯ ನೆನಪಿಟ್ಟುಕೊಳ್ಳಿ.

ಒಂದು: ಸ್ಟೇರಿಂಗ್‌ನ ಕೆಳಭಾಗ ಹಿಡೀರಿ, ಗಡಿಯಾರದಲ್ಲಿ 6 ಇರೋ ಜಾಗದಲ್ಲಿ. ಟ್ರೈಲರ್‌ನ ಬಾಲ ಗಾಡಿಯ ಯಾವ ಕಡೆಗೆ ಹೋಗಬೇಕೋ ಕೈಯನ್ನ ಆ ಕಡೆಗೆ ಸರಿಸಿ. ಕೈ ಬಲಕ್ಕೆ ಸರಿದರೆ ಬಾಲ ಬಲಕ್ಕೆ, ಕೈ ಎಡಕ್ಕೆ ಸರಿದರೆ ಬಾಲ ಎಡಕ್ಕೆ. ಲೆಕ್ಕ ಹಾಕೋ ಕೆಲಸವೇ ಇಲ್ಲ.

ಎರಡು: ನೇರ ಹಿಂದಕ್ಕೆ ಬರುವಾಗ ಟ್ರೈಲರ್ ಯಾವ ಕಡೆಯ ಕನ್ನಡಿಯಲ್ಲಿ ಜಾಸ್ತಿ ಕಾಣಿಸೋಕೆ ಶುರುವಾಗುತ್ತೋ, ಸ್ಟೇರಿಂಗನ್ನ ಆ ಕನ್ನಡಿ ಕಡೆಗೆ ಸ್ವಲ್ಪ ತಿರುಗಿಸಿ. ಬಲಗನ್ನಡಿಯಲ್ಲಿ ಜಾಸ್ತಿ ಕಂಡರೆ ಬಲಕ್ಕೆ. ಟ್ರೈಲರ್ ತಾನಾಗೇ ಸಾಲಿಗೆ ಬರುತ್ತೆ. ಕನ್ನಡಿ ಇಲ್ಲದ ಟ್ರ್ಯಾಕ್ಟರ್ ಆದರೆ ಎರಡೂ ಕಡೆ ಒಂದೊಂದು ಹಾಕಿಸಿ.

ಈ ಎರಡೂ ಉಪಾಯದಲ್ಲಿ 'ಸ್ವಲ್ಪ' ಅನ್ನೋದು ಮುಖ್ಯ. ಹೊಸಬರು ಸ್ಟೇರಿಂಗ್ ಪೂರ್ತಿ ಎಳೆದುಬಿಡ್ತಾರೆ. ಆಗ ಟ್ರೈಲರ್ ಮಡಚಿಕೊಂಡು, ಅದರ ಮುಂದಿನ ಮೂಲೆ ಟ್ರ್ಯಾಕ್ಟರ್‌ನ ದೊಡ್ಡ ಟೈರಿಗೆ ಹೋಗಿ ಒತ್ತುತ್ತೆ. ಟೈರ್ ಹರಿಯಬಹುದು, ಮುಂದಿನ ದಂಡ ಬಗ್ಗಬಹುದು. ದೊಡ್ಡ ಟೈರಿಗೂ ಟ್ರೈಲರ್ ಮೂಲೆಗೂ ಒಂದು ಮೊಳ ಅಂತರ ಉಳಿದಾಗಲೇ ನಿಲ್ಲಿಸಿ. ಅಲ್ಲಿಂದ ಹಿಂದಕ್ಕೆ ಬಂದು ಸರಿ ಮಾಡೋಕೆ ಆಗಲ್ಲ. ಮುಂದಕ್ಕೆ ಹೋಗಿ, ನೇರ ಮಾಡಿಕೊಂಡು ಮತ್ತೆ ಬನ್ನಿ. ಇಪ್ಪತ್ತು ವರ್ಷ ಓಡಿಸಿದ ಲಾರಿ ಡ್ರೈವರ್ ಕೂಡ ಇಕ್ಕಟ್ಟಿನ ಗೋಡೌನ್ ಮುಂದೆ ಎರಡು ಮೂರು ಸಲ ಮುಂದೆ ಹೋಗಿ ಬರ್ತಾನೆ. ಅದನ್ನ ಯಾರೂ ಸೋಲು ಅಂತ ಎಣಿಸಲ್ಲ.

ನಿಮ್ಮ ಟ್ರೈಲರ್ ಯಾವುದು ಮೊದಲು ನೋಡಿ

ಎರಡು ಚಕ್ರದ ಟ್ರೈಲರ್‌ನಲ್ಲಿ ತಿರುಗೋ ಜಾಗ ಒಂದೇ, ಹುಕ್ ಹತ್ತಿರ. ಕಲಿಯೋಕೆ ಇದೇ ಸರಿ.

ನಾಲ್ಕು ಚಕ್ರದ ಟ್ರೈಲರ್‌ನಲ್ಲಿ ಮುಂದಿನ ಎರಡು ಚಕ್ರವೂ ತಿರುಗುತ್ತೆ. ಅಂದರೆ ತಿರುಗೋ ಜಾಗ ಎರಡು: ಹುಕ್ ಒಂದು, ಮುಂದಿನ ಚಕ್ರದ ಮೇಲಿನ ತಿರುಗುಬಳೆ ಇನ್ನೊಂದು. ಉಲ್ಟಾ ಹೋಗಿ ಮತ್ತೆ ಉಲ್ಟಾ ಆಗುತ್ತೆ, ಮುಂದಿನ ದಂಡ ಕ್ಷಣದಲ್ಲಿ ಮಡಚಿಕೊಳ್ಳುತ್ತೆ. ಅನುಭವಸ್ಥರೂ ಇದನ್ನ ನಾಲ್ಕಾರು ಮಾರು ನೇರಕ್ಕೆ ಮಾತ್ರ ಹಿಂದೆ ತರ್ತಾರೆ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿಗೆ ಒಂದರ ಹಿಂದೆ ಒಂದು ಎರಡು ಟ್ರೈಲರ್ ಕಟ್ತಾರಲ್ಲ, ಅದನ್ನ ಹಿಂದಕ್ಕೆ ತರೋ ಯೋಚನೆಯನ್ನೇ ಬಿಡಿ. ಗದ್ದೆಗೆ ಇಳಿಯೋ ಮೊದಲೇ ಸುತ್ತಿ ಹೊರಬರೋಕೆ ದಾರಿ ಇದೆಯಾ ಅಂತ ನಡೆದು ನೋಡಬೇಕು. ದಾರಿ ಇಲ್ಲದಿದ್ದರೆ ಹಿಂದಿನ ಟ್ರೈಲರ್ ರಸ್ತೆ ಹತ್ತಿರ ಸಮತಟ್ಟಾದ ಜಾಗದಲ್ಲಿ ಬಿಚ್ಚಿಟ್ಟು ಒಳಗೆ ಹೋಗಬೇಕು.

ಏಳು ದಿನದ ಅಭ್ಯಾಸ

ಕೊಯ್ಲು ಮುಗಿದ ಖಾಲಿ ಹೊಲ, ಒಣಗಿದ ಗಟ್ಟಿ ನೆಲ ಸಾಕು. ಹತ್ತಿರದಲ್ಲಿ ತೆರೆದ ಬಾವಿ, ಕೃಷಿ ಹೊಂಡ, ವಿದ್ಯುತ್ ಕಂಬ ಇರಬಾರದು. ಎಂಟು ಗೂಟ, ಕೆಲವು ಹಳೆಯ ಗೊಬ್ಬರದ ಚೀಲ ಬೇಕು. ದಿನಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಮಾತ್ರ. ಅದಕ್ಕಿಂತ ಜಾಸ್ತಿ ಆದರೆ ಕುತ್ತಿಗೆ ನೋಯುತ್ತೆ, ಗಮನ ಹೋಗುತ್ತೆ, ಡೀಸೆಲ್ಲೂ ದಂಡ.

ದಿನ 1: ಟ್ರೈಲರ್ ಬೇಡ. ನಮ್ಮಲ್ಲಿ ಬಹಳ ಟ್ರ್ಯಾಕ್ಟರ್‌ಗಳಿಗೆ 8 ಮುಂದಿನ ಗೇರ್, 2 ರಿವರ್ಸ್ ಗೇರ್ ಇರುತ್ತೆ. ಲೋ ರಿವರ್ಸ್ ಮಾತ್ರ ಬಳಸಿ, ಆಕ್ಸಿಲರೇಟರ್ ಕಡಿಮೆ. ಪಕ್ಕದಲ್ಲಿ ಒಬ್ಬರು ನಿಧಾನ ನಡೆದರೆ ಎಷ್ಟೋ ಅಷ್ಟೇ ವೇಗ. ನೆಲದ ಮೇಲೆ ಒಂದು ಗೆರೆ ಎಳೆದು, ಹಿಂದಿನ ಚಕ್ರ ಆ ಗೆರೆ ಮೇಲೆ ನಿಲ್ಲೋ ಹಾಗೆ ಹತ್ತು ಸಲ ನಿಲ್ಲಿಸಿ. ಮೊದಲು ಕಲಿಯಬೇಕಾದ್ದು ನಿಲ್ಲಿಸೋದು.

ದಿನ 2: ಸೀಟಿನಿಂದ ಇಳೀರಿ. ಗೊತ್ತಿರುವವರು ಖಾಲಿ ಟ್ರೈಲರ್ ಹಿಂದಕ್ಕೆ ತರಲಿ, ನೀವು ಪಕ್ಕದಲ್ಲಿ ದೂರ ನಿಂತು ನೋಡಿ. ಮುಂದಿನ ಚಕ್ರ ಎತ್ತ ತಿರುಗಿತು, ಹುಕ್ ಎತ್ತ ಹೋಯಿತು, ಬಾಲ ಎತ್ತ ಹೋಯಿತು. ಫೋನಿನಲ್ಲಿ ವಿಡಿಯೋ ಮಾಡಿ ರಾತ್ರಿ ಮತ್ತೆ ನೋಡಿ. ನಿಮ್ಮ ಕ್ಲೀನರ್ ಕಾಲ ಇದು, ತಪ್ಪಿಸಬೇಡಿ.

ದಿನ 3: ಎರಡು ಚಕ್ರದ ಖಾಲಿ ಟ್ರೈಲರ್, ನೇರ ಹಿಂದಕ್ಕೆ. ಎರಡೂ ಕಡೆ ಒಂದೊಂದು ಮಾರು ಜಾಗ ಬಿಟ್ಟು ಗೂಟದ ಸಾಲು ಹುಗೀರಿ, ಇಪ್ಪತ್ತು ಮೀಟರ್ ಉದ್ದ. ಗೂಟ ಬಿದ್ದರೆ ಬೀಳಲಿ, ಎದ್ದು ಹೋಗಿ ನೀವೇ ನಿಲ್ಲಿಸಿ.

ದಿನ 4: ಅದೇ ಅಭ್ಯಾಸ, ಸಾಲು ಕಿರಿದು ಮಾಡಿ. ಗೂಟದ ತುದಿಗೆ ಬಿಳಿ ಚೀಲ ಕಟ್ಟಿದರೆ ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತೆ.

ದಿನ 5: ತಿರುವು. ಮೊದಲು ಸ್ಟೇರಿಂಗ್‌ನಿಂದ ಬಾಲವನ್ನ ಬೇಕಾದ ಕಡೆಗೆ ತಿರುಗಿಸಿ. ತಿರುಗೋಕೆ ಶುರುವಾದ ತಕ್ಷಣ ಸ್ಟೇರಿಂಗನ್ನ ನಿಧಾನ ಇನ್ನೊಂದು ಕಡೆಗೆ ತಂದು ಟ್ರೈಲರನ್ನ ಹಿಂಬಾಲಿಸಿ. ಈ ಎರಡನೇ ಹೆಜ್ಜೆ ತಡವಾದರೆ ಮಡಚಿಕೊಳ್ಳುತ್ತೆ. ಕಲಿಯೋಕೆ ಅತಿ ಹೆಚ್ಚು ಸಮಯ ಹಿಡಿಯೋದು ಇದೇ.

ದಿನ 6: ನಾಲ್ಕು ಗೂಟದಿಂದ ಒಂದು 'ಕೊಟ್ಟಿಗೆ' ಮಾಡಿ, ತಿರುವಿನಿಂದ ಒಳಗೆ ತನ್ನಿ. ಬಲಗಡೆಯಿಂದ ಐದು ಸಲ, ಎಡಗಡೆಯಿಂದ ಐದು ಸಲ.

ದಿನ 7: ಅರ್ಧ ಹೇರು ಹಾಕಿ ದಿನ 3 ಮತ್ತು 6ರದ್ದು ಮತ್ತೆ ಮಾಡಿ. ತೂಕ ಬಂದಾಗ ಬ್ರೇಕ್ ಹಿಡಿಯೋ ದೂರ, ತಳ್ಳುವ ಜೋರು ಎಲ್ಲ ಬದಲಾಗುತ್ತೆ. ಬ್ರೇಕ್ ಪೆಡಲ್ ಎರಡನ್ನೂ ಸೇರಿಸೋ ಲಾಕ್ ಹಾಕಿರಲೇಬೇಕು. ಟ್ರೈಲರ್ ಇರುವಾಗ ಒಂದೇ ಕಡೆ ಬ್ರೇಕ್ ಹಿಡಿದರೆ ಗಾಡಿ ಸರ್ರನೆ ತಿರುಗಿ ಮಗುಚಬಹುದು.

ಏಳು ದಿನ ಅಂದಿದ್ದು ಲೆಕ್ಕಕ್ಕೆ. ಕಳೆದ ಬೇಸಿಗೆಯಲ್ಲಿ ನಮ್ಮ ತೋಟಕ್ಕೆ ಬರುವ 21 ವರ್ಷದ ಹುಡುಗನಿಗೆ ಹೀಗೇ ಕಲಿಸಿದೆ. ಐದನೇ ದಿನದ ತಿರುವಿಗೇ ಅವನಿಗೆ ನಾಲ್ಕು ದಿನ ಹಿಡೀತು. 'ಅಣ್ಣ, ನನ್ ಕೈಲಿ ಆಗಲ್ಲ ಬಿಡಿ' ಅಂತ ಎರಡು ಸಲ ಇಳಿದು ನಿಂತ. ಮಾರನೇ ದಿನ ಮತ್ತೆ ನೇರ ಸಾಲಿನಿಂದಲೇ ಶುರು ಮಾಡಿಸಿದೆ, ಬರುವ ಕೆಲಸ ಮಾಡಿದರೆ ಧೈರ್ಯ ವಾಪಸ್ ಬರುತ್ತೆ. ಈಗ ಡ್ರಿಪ್ ಪೈಪು, ಗೇಟ್ ವಾಲ್ವ್ ಒಂದಕ್ಕೂ ತಾಗಿಸದೆ ತೆಂಗಿನ ಸಾಲಿನ ನಡುವೆ ಗೊಬ್ಬರದ ಟ್ರೈಲರ್ ತರ್ತಾನೆ. ಒಬ್ಬರಿಗೆ ಐದು ದಿನ, ಇನ್ನೊಬ್ಬರಿಗೆ ಹದಿನೈದು ದಿನ ಆಗಬಹುದು. ಒಂದು ದಿನದ ಪಾಠ ಬಾರದೆ ಮುಂದಿನದಕ್ಕೆ ಹೋಗಬೇಡಿ.

ಕಲಿಸುವವರಿಗೆ ನಾಲ್ಕು ಮಾತು

ಬೈಗುಳ ಕೇಳಿದ ಹುಡುಗ ಚಕ್ರ ನೋಡೋದು ಬಿಟ್ಟು ನಿಮ್ಮ ಮುಖ ನೋಡ್ತಾನೆ. ಅಷ್ಟರಲ್ಲಿ ಟ್ರೈಲರ್ ಎರಡಡಿ ಹೋಗಿರುತ್ತೆ. ಆದ್ದರಿಂದ:

ಮಾತಾಡೋದು ಒಬ್ಬರೇ. ಅಪ್ಪ ಕಲಿಸ್ತಿದ್ದರೆ ಚಿಕ್ಕಪ್ಪ ಸುಮ್ಮನಿರಲಿ. ನೋಡೋಕೆ ಬಂದವರನ್ನ ಮರದ ಕೆಳಗೆ ಕೂರಿಸಿ.

ಗಾಡಿ ನಿಂತ ಮೇಲೆ ಮಾತಾಡಿ. ಓಡ್ತಿರುವಾಗ 'ನಿಲ್ಸು' ಅನ್ನೋದೊಂದು ಬಿಟ್ಟು ಪಾಠ ಬೇಡ.

ಹೇಳೋದಕ್ಕಿಂತ ಕೇಳಿ. 'ಈಗ ಬಾಲ ಎತ್ತ ಹೋಗ್ತಿದೆ ಹೇಳು?' 'ಬಲಗನ್ನಡಿಯಲ್ಲಿ ಏನು ಕಾಣ್ತಿದೆ?' ಉತ್ತರ ಹುಡುಗನ ಬಾಯಿಂದ ಬಂದರೆ ಕೈಗೂ ಬರುತ್ತೆ.

ಸ್ಟೇರಿಂಗ್‌ಗೆ ಕೈ ಹಾಕಬೇಡಿ, ಮಡ್‌ಗಾರ್ಡ್ ಮೇಲೆ ಕೂತು ಕಲಿಸಬೇಡಿ. ಕೆಳಗೆ, ಅವನಿಗೆ ಕಾಣೋ ಜಾಗದಲ್ಲಿ ನಿಲ್ಲಿ. ಮನೆ ಹೆಣ್ಣುಮಕ್ಕಳು ಕಲಿಯೋಕೆ ಮುಂದೆ ಬಂದರೆ ಅವರಿಗೂ ಇದೇ ಏಳು ದಿನ, ಇದೇ ತಾಳ್ಮೆ.

'ರೈಟ್' ಅಂದರೆ ಬಲಕ್ಕೋ, ಹೋಗು ಅಂತಲೋ?

ಬಸ್ ಕಂಡಕ್ಟರ್‌ಗಳಿಂದ ನಾವೆಲ್ಲ ಕಲಿತಿದ್ದು 'ರೈಟ್ ರೈಟ್' ಅಂದರೆ ಹೋಗು, 'ಹೋಲ್ಡಾನ್' ಅಂದರೆ ನಿಲ್ಸು. ರಿವರ್ಸ್ ಬರುವಾಗ ಹಿಂದಿನಿಂದ ಯಾರೋ 'ರೈಟ್!' ಅಂದರೆ ಒಬ್ಬ ಬಲಕ್ಕೆ ತಿರುಗಿಸ್ತಾನೆ, ಇನ್ನೊಬ್ಬ ನೇರ ಹಿಂದೆ ಬರ್ತಾನೆ. 'ಎಡಕ್ಕೆ' ಅಂದರೂ ಕಷ್ಟ. ಎದುರು ನಿಂತವನ ಎಡವೋ, ಕೂತವನ ಎಡವೋ? ಸ್ಟೇರಿಂಗ್ ಎಡಕ್ಕೋ, ಟ್ರೈಲರ್ ಎಡಕ್ಕೋ?

ಮನೆಯಲ್ಲಿ ಎಲ್ಲರೂ ಸೇರಿ ಮಾತು ಗೊತ್ತು ಮಾಡಿಕೊಳ್ಳಿ. ನಾವು ಇಟ್ಟುಕೊಂಡಿರೋದು ಹೀಗೆ: 'ಬರ್ಲಿ', 'ನಿಧಾನ', 'ನಿಲ್ಸು', ಈ ಮೂರೇ ಮಾತು. ದಿಕ್ಕು ಹೇಳೋಕೆ ಜಾಗದ ಹೆಸರು: 'ಬಾಲ ಬಾವಿ ಕಡೆ', 'ಬಾಲ ಮನೆ ಕಡೆ'. ಬಾವಿ ಯಾರಿಗೂ ಎಡಬಲ ಆಗಲ್ಲ. ಎಂಜಿನ್ ಸದ್ದಿನಲ್ಲಿ ಮಾತು ಕೇಳಿಸದಿದ್ದರೆ ಕೈ ಸನ್ನೆ: ಎರಡೂ ಕೈ ಮೇಲಕ್ಕೆ ಎತ್ತಿದರೆ ನಿಲ್ಸು. 'ನಿಲ್ಸು' ಅಂತ ಯಾರು ಕೂಗಿದರೂ, ಐದು ವರ್ಷದ ಮಗು ಕೂಗಿದರೂ, ಮೊದಲು ನಿಲ್ಲಿಸಿ, ಆಮೇಲೆ ಯಾಕೆ ಅಂತ ಕೇಳಿ.

ದಾರಿ ತೋರಿಸುವವರು ಟ್ರೈಲರ್‌ನ ನೇರ ಹಿಂದೆ, ಅಥವಾ ಗೋಡೆಗೂ ಟ್ರೈಲರ್‌ಗೂ ನಡುವೆ ಯಾವತ್ತೂ ನಿಲ್ಲಬಾರದು. ಪಕ್ಕಕ್ಕೆ, ಡ್ರೈವರ್‌ಗೆ ಕನ್ನಡಿಯಲ್ಲಿ ಕಾಣೋ ಹಾಗೆ ನಿಲ್ಲಬೇಕು. ಅವರು ಕಣ್ಣಿಂದ ಮರೆಯಾದ ಕ್ಷಣ ಗಾಡಿ ನಿಲ್ಲಬೇಕು. ಇಬ್ಬರ ಕಿವಿಯಲ್ಲೂ ಇಯರ್‌ಫೋನ್ ಬೇಡ, ಕೈಯಲ್ಲಿ ಫೋನ್ ಬೇಡ, ಗಾಡಿಯಲ್ಲಿ ಹಾಡು ಬೇಡ.

ರಿವರ್ಸ್ ಹಾಕೋ ಮೊದಲು ಪ್ರತಿ ಸಲ

ಇಳಿದು ಒಂದು ಸುತ್ತು ಬನ್ನಿ. ಟ್ರೈಲರ್‌ನ ಹಿಂದೆ ಕೂತ ಮಗು ಸೀಟಿನಿಂದ ಕಾಣಲ್ಲ, ಕನ್ನಡಿಯಲ್ಲೂ ಕಾಣಲ್ಲ.

ಅಂಗಳದಲ್ಲಾದರೆ ಮಕ್ಕಳನ್ನ ಎಣಿಸಿ. ಮನೆಯಲ್ಲಿ ಮೂರು ಮಕ್ಕಳಿದ್ದರೆ ಮೂರೂ ಕಣ್ಣಿಗೆ ಕಾಣಬೇಕು, ದೊಡ್ಡವರೊಬ್ಬರು ಕೈ ಹಿಡಿದು ಜಗಲಿ ಮೇಲೆ ನಿಂತಿರಬೇಕು. 'ಒಳಗೆ ಇರಬೇಕು' ಅನ್ನೋ ಉತ್ತರ ಸಾಲದು.

ಟ್ರ್ಯಾಕ್ಟರ್‌ಗೂ ಟ್ರೈಲರ್‌ಗೂ ನಡುವಿನ ದಂಡದ ಮೇಲೆ ಯಾರೂ ನಿಲ್ಲಬಾರದು. ಮಡಚಿಕೊಂಡಾಗ ತಪ್ಪಿಸಿಕೊಳ್ಳೋಕೆ ಅಲ್ಲಿ ಜಾಗ ಇಲ್ಲ.

ಟ್ರೈಲರ್ ಸಿಕ್ಕಿಸುವಾಗ ಗಾಡಿ ಚಲಿಸ್ತಿರುವಾಗಲೇ ಪಿನ್ ಹಿಡಿದು ನಡುವೆ ನಿಲ್ಲೋ ಅಭ್ಯಾಸ ಬಿಡಿ. ಟ್ರೈಲರ್ ಚಕ್ರಕ್ಕೆ ಕಲ್ಲು ಕೊಡಿ, ಟ್ರ್ಯಾಕ್ಟರ್ ಹತ್ತಿರ ತಂದು ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ. ಆಮೇಲೆ ಪಿನ್.

ಬಾವಿ, ಕೃಷಿ ಹೊಂಡದ ಕಡೆಗೆ ಬೆನ್ನು ಮಾಡಿ ರಿವರ್ಸ್ ಬರಲೇಬೇಕಾದರೆ, ದಂಡೆಯಿಂದ ಸಾಕಷ್ಟು ಈಚೆಗೆ ದಪ್ಪ ಮರದ ದಿಮ್ಮಿ ಅಡ್ಡ ಹಾಕಿ. ಮಳೆ ಬಂದು ನೆನೆದ ದಂಡೆ ಗಾಡಿಯ ತೂಕ ತಡೆಯಲ್ಲ.

ಕತ್ತಲಾದ ಮೇಲೆ ದಾರಿ ತೋರಿಸುವವರು ಇಲ್ಲದೆ ರಿವರ್ಸ್ ಬೇಡ.

ಪಿಕಪ್, ಲಾರಿ ಕಲಿಯುವವರಿಗೆ

ತರಕಾರಿ ತುಂಬಿಕೊಂಡು ಎಪಿಎಂಸಿಗೆ ಹೋಗುವವರಿಗೆ ಟ್ರೈಲರ್‌ನ ಉಲ್ಟಾ ಲೆಕ್ಕ ಇಲ್ಲ. ಸ್ಟೇರಿಂಗ್ ತಿರುಗಿಸಿದ ಕಡೆಗೇ ಬಾಲ ಹೋಗುತ್ತೆ. ಅಲ್ಲಿ ನೋಡಬೇಕಾದ್ದು ಬೇರೆ. ಬಾಲ ಒಂದು ಕಡೆ ಹೋದಾಗ ಮೂತಿ ಇನ್ನೊಂದು ಕಡೆಗೆ ಅಗಲವಾಗಿ ಬೀಸುತ್ತೆ. ಎಲ್ಲರೂ ಹಿಂದೆ ನೋಡ್ತಿರುವಾಗ ಮುಂದಿನ ಬಂಪರ್ ಪಕ್ಕದ ಗಾಡಿಗೆ ಉಜ್ಜುತ್ತೆ. ನಮ್ಮ ದೇಶದಲ್ಲಿ ಡ್ರೈವರ್ ಬಲಗಡೆ ಕೂರೋದರಿಂದ ಎಡಗಡೆ ಕಾಣೋದು ಕಡಿಮೆ. ಜಾಗ ಆರಿಸಿಕೊಳ್ಳೋಕೆ ಅವಕಾಶ ಇದ್ದರೆ ಬಲಗಡೆಗೆ ತಿರುಗಿ ಒಳಗೆ ಬರೋ ಜಾಗ ಆರಿಸಿ. ಬೆಳಗಿನ ಜಾವದ ಮಂಡಿ ಗದ್ದಲದಲ್ಲಿ ಹಿಂದಿನವರು ಹಾರ್ನ್ ಹೊಡೀತಾರೆ, ಹಮಾಲರು ಅವಸರ ಮಾಡ್ತಾರೆ. ಹೊಡೆಯಲಿ ಬಿಡಿ, ನೀವು ಇಳಿದು ನೋಡಿ ಬನ್ನಿ. ರಿವರ್ಸ್ ಕ್ಯಾಮೆರಾ, ಬೀಪ್ ಸದ್ದು ಇದ್ದರೆ ಒಳ್ಳೇದೇ. ಆದರೆ ಕ್ಯಾಮೆರಾ ಕನ್ನಡಿಗೆ ಬದಲಿ ಅಲ್ಲ, ಕೆಸರು ಮೆತ್ತಿದರೆ ಅದಕ್ಕೂ ಕಣ್ಣಿಲ್ಲ.

ಕಾನೂನು ಮತ್ತು ತರಬೇತಿ

ರಸ್ತೆಗೆ ಟ್ರ್ಯಾಕ್ಟರ್ ತರೋಕೆ 18 ವರ್ಷ ತುಂಬಿರಬೇಕು, ಲೈಸೆನ್ಸ್ ಇರಬೇಕು. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಪ್ರಕಾರ, ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರು ಅಥವಾ ಗಾಡಿಯ ಮಾಲೀಕರೇ ಹೊಣೆ. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, 12 ತಿಂಗಳು ಗಾಡಿಯ ನೋಂದಣಿ ರದ್ದು. 'ಹೊಲದ ದಾರಿ ತಾನೆ' ಅಂತ ಹತ್ತನೇ ಕ್ಲಾಸಿನ ಹುಡುಗನಿಗೆ ಕೀಲಿಕೈ ಕೊಡೋ ಮೊದಲು ಯೋಚಿಸಿ.

ಕ್ರಮವಾಗಿ ಕಲಿಯಬೇಕು ಅನ್ನೋರಿಗೆ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಬಳ್ಳಾರಿ, ಪಾವಗಡ ಕಡೆಯವರಿಗೆ ಅಷ್ಟೇನೂ ದೂರವಲ್ಲ. ಹೋಗೋ ಮೊದಲು ಯಾವ ತರಬೇತಿ ಯಾವಾಗ ಅಂತ ವಿಚಾರಿಸಿಕೊಳ್ಳಿ.

ಈ ವಾರದ ಕೆಲಸ ಇಷ್ಟೇ: ಎಂಟು ಗೂಟ ಕಡಿದಿಡಿ, ಮನೆಯವರನ್ನೆಲ್ಲ ಕೂರಿಸಿ 'ಬರ್ಲಿ', 'ನಿಧಾನ', 'ನಿಲ್ಸು' ಮೂರು ಮಾತು ಗೊತ್ತು ಮಾಡಿ. ಈ ಲೇಖನವನ್ನ ನಿಮಗೆ ಕಲಿಸುವವರಿಗೂ ಕಳಿಸಿ. ಭಾನುವಾರ ಬೆಳಗ್ಗೆ, ಬಿಸಿಲು ಏರೋ ಮೊದಲು, ಮೊದಲ ಪಾಠ ಶುರು ಮಾಡಿ.